ಸಮುದ್ರಕ್ಕೆ ಹೋಗಲು ಒಂದು ದೇವರು ಬೇಕು

ದಾವಣಗೆರೆಯಲ್ಲಿ ಯಾರಾದರೂ ಟೂರ್ ಮುಗಿಸಿ ಬಂದರೆ ಮೊದಲ ಪ್ರಶ್ನೆ ಒಂದೇ: "ಏನೇನು ನೋಡಿದ್ರಿ?" ಅದಕ್ಕೊಂದು ಪಟ್ಟಿ ಸಿದ್ಧ ಇರಬೇಕು. ನಾಲ್ಕಾದರೂ ದೇವಸ್ಥಾನ, ಒಂದು ಜಲಪಾತ, ಅಕ್ಕಪಕ್ಕದ ಮನೆಗೆ ಹಂಚಲು ಪ್ರಸಾದ. "ಏನೂ ನೋಡಲಿಲ್ಲ, ಸುಮ್ನೆ ಸಮುದ್ರದ ಮುಂದೆ ಕೂತಿದ್ವಿ" ಅಂತ ಧೈರ್ಯವಾಗಿ ಹೇಳಿದವರನ್ನು ನಾನು ಈ ಊರಲ್ಲಿ ಕಂಡಿರಲಿಲ್ಲ. ಮೊನ್ನೆ ನಮ್ಮ ಬಟ್ಟೆ ಅಂಗಡಿ ಅಣ್ಣನ ಹೆಂಡತಿ ಹೇಳಿಯೇಬಿಟ್ಟರು.

ವಿದ್ಯಾನಗರದ ಅವರ ಮನೆ ತಾರಸಿಯಲ್ಲಿ ಪೇಪರ್ ಹಾಸಿ, ಮಂಡಕ್ಕಿ ಮೆಣಸಿನಕಾಯಿ ಹರಡಿಕೊಂಡು ಕೂತಿದ್ದೆವು. ಅಣ್ಣ, ಅತ್ತಿಗೆ, ರಿಟೈರ್ ಆದ ಭೂಗೋಳದ ಮೇಷ್ಟ್ರು, ಚಿತ್ರದುರ್ಗದ ಕಡೆ ಈರುಳ್ಳಿ ಬೆಳೆಯುವ ದುರ್ಗದ ಮಾಮ, ಮತ್ತೆ ನಾನು.

"ಗೋಕರ್ಣದ ತನಕ ಹೋಗಿ ಏನೂ ನೋಡಲಿಲ್ಲವೇನವ್ವ?" ಮಾಮನಿಗೆ ಖಾರ ನೆತ್ತಿಗೇರಿತು.

"ಮಹಾಬಲೇಶ್ವರನ ದರ್ಶನ ಮೊದಲನೇ ದಿನವೇ ಆಯ್ತು ಮಾಮ. ಇವರು ಅಂಗಿ ಬಿಚ್ಚಿ, ಪಂಚೆ ಉಟ್ಟು, ಸಾಲಲ್ಲಿ ನಿಂತು ಕೈ ಮುಗಿದು ಬಂದರು. ಅಲ್ಲಿಗೆ ದೇವರ ಲೆಕ್ಕ ಚುಕ್ತಾ. ಆಮೇಲೆ ನಾನು ಕೂತೆ."

ಊರು ಆರಿಸಿದ್ದರಲ್ಲೇ ಅತ್ತಿಗೆಯ ಜಾಣತನ ಇದೆ. ಮನೆಯಲ್ಲಿ ಅತ್ತೆ ಇದ್ದಾರೆ. "ಇಬ್ಬರೇ ಬೀಚಿಗೆ ಹೋಗ್ತೀವಿ" ಅಂದಿದ್ದರೆ, ಮಗಳು ಮದುವೆಗೆ ಬಂದಿರುವಾಗ ನಿಮಗಿದೇನು ಬುದ್ಧಿ ಅಂತ ವಾರಗಟ್ಟಲೆ ಮಾತು ಕೇಳಬೇಕಿತ್ತು. "ಗೋಕರ್ಣ" ಅಂದ ಕೂಡಲೇ ಅದೇ ಅತ್ತೆ ಸೆರಗಿನ ಗಂಟು ಬಿಚ್ಚಿ ನೂರಾ ಒಂದು ರೂಪಾಯಿ ಕೊಟ್ಟು, "ನನ್ನ ಹೆಸರಲ್ಲೂ ಒಂದು ಅಭಿಷೇಕ ಮಾಡಿಸ್ರಿ" ಅಂದರಂತೆ. ದೇವಸ್ಥಾನದಿಂದ ನಾಲ್ಕು ಹೆಜ್ಜೆಗೆ ಸಮುದ್ರ ಇದೆ ಅಂತ ಅವರಿಗೂ ಗೊತ್ತು. ಆದರೆ ದಾರಿಯಲ್ಲಿ ಸಿಕ್ಕಿದ್ದು ಬೇರೆ, ಹುಡುಕಿಕೊಂಡು ಹೋಗಿದ್ದು ಬೇರೆ ಅಲ್ವಾ? ನಮ್ಮ ಕಡೆ ಆರಾಮಾಗಿರುವುದಕ್ಕೂ ದೇವರೇ ರಜೆ ಚೀಟಿ ಬರೆದುಕೊಡಬೇಕು.

ಹರಿಹರ, ರಾಣೆಬೆನ್ನೂರು, ಹಾವೇರಿ ದಾಟಿ ಶಿರಸಿ. ಅಲ್ಲಿ ಮಾರಿಕಾಂಬೆಗೆ ಕೈ ಮುಗಿದು, ದೇವಿಮನೆ ಘಟ್ಟ ಇಳಿದು ಕುಮಟಾ. ಘಟ್ಟ ಇಳಿದ ಮೇಲೆ ಅಣ್ಣನ ಗೋಳು ಶುರು.

"ಇಲ್ಲಿ ಏಪ್ರಿಲ್‌ನಲ್ಲಿ 38 ಡಿಗ್ರಿ ಇತ್ತು. ಅಲ್ಲಿ 33. ಐದು ಡಿಗ್ರಿ ಲಾಭ ಅಂದುಕೊಂಡು ಹೋದೆ. ಮೇಷ್ಟ್ರೇ, ಕೂತರೂ ಬೆವರು, ನಿಂತರೂ ಬೆವರು!"

"ಬೆವರು ಬಂದರೆ ಸಾಲದಪ್ಪ, ಅದು ಆರಬೇಕು. ಆರಿದರೇನೇ ಮೈ ತಣ್ಣಗಾಗೋದು. ನಮ್ಮದು ಒಣ ಗಾಳಿ, ಬೆವರಿದ್ದೇ ಗೊತ್ತಾಗಲ್ಲ. ಅಲ್ಲಿನ ಗಾಳಿ ಆಗಲೇ ಹೊಟ್ಟೆ ತುಂಬಾ ನೀರು ಕುಡಿದಿರುತ್ತೆ. ನಿನ್ನ ಬೆವರನ್ನ ಎಲ್ಲಿ ಇಟ್ಟುಕೊಳ್ಳಬೇಕು ಪಾಪ?" ಮೇಷ್ಟ್ರಿಗೆ ಪಾಠ ಮಾಡಲು ಬೋರ್ಡು ಬೇಕಿಲ್ಲ, ಕೈಯಲ್ಲೊಂದು ಮೆಣಸಿನಕಾಯಿ ಇದ್ದರೆ ಸಾಕು.

ತಿಂಡಿಯ ಕಥೆ ಇನ್ನೂ ಚೆನ್ನಾಗಿದೆ. ನೀರುದೋಸೆ ಬಂತು, ಜೊತೆಗೆ ಕಾಯಿ ಬೆಲ್ಲ. ಅಣ್ಣ ದೋಸೆ ಎತ್ತಿ ನೋಡಿದ, ಮಡಿಕೆ ಬಿಚ್ಚಿ ನೋಡಿದ. "ಬೆಣ್ಣೆ ಎಲ್ಲಪ್ಪ?" ಅಂತ ಕೇಳಿದ. ತಂದುಕೊಟ್ಟ ಹುಡುಗ ಒಳಗೆ ಹೋದವನು ಇನ್ನಿಬ್ಬರನ್ನು ಕರೆದುಕೊಂಡು ಬಂದು ಇವನನ್ನು ತೋರಿಸಿದನಂತೆ. ಸಂಜೆ ಕುಡ್ಲೆ ಬೀಚಿನಲ್ಲಿ ಹಮ್ಮಸ್ ಅಂತ ತರಿಸಿದರು. ವಿದೇಶದವರು ಜಾಸ್ತಿ ಬರುವ ಊರು, ಅಲ್ಲಿ ಅದೆಲ್ಲ ಸಿಗುತ್ತದೆ.

"ಕಾಬೂಲಿ ಕಡಲೆ ಬೇಯಿಸಿ, ಎಳ್ಳು ಹಾಕಿ ರುಬ್ಬಿ, ಮೇಲೆ ಎಣ್ಣೆ ಬಿಟ್ಟಿದ್ದರು. ಒಗ್ಗರಣೆ ಹಾಕೋದು ಮರೆತಿದ್ದಾರೆ ಅಂತ ನಾನು ಕಾದೆ," ಅಂದ ಅಣ್ಣ.

ನಿಜವಾದ ಜಗಳ ಎರಡನೇ ದಿನ ಬೆಳಿಗ್ಗೆ. ಅಣ್ಣ ಜೇಬಿನಿಂದ ಪಟ್ಟಿ ತೆಗೆದ. ರಾವಣ ಆತ್ಮಲಿಂಗ ಕಿತ್ತಾಗ ಅದರ ಚೂರು, ಹೊದಿಕೆಗಳೆಲ್ಲ ಬಿದ್ದ ಜಾಗಗಳು ಇವೆಯಲ್ಲ: ಸಜ್ಜೇಶ್ವರ, ಧಾರೇಶ್ವರ, ಗುಣವಂತೇಶ್ವರ, ಮುರುಡೇಶ್ವರ. ಗೋಕರ್ಣ ಸೇರಿ ಐದು. "ಒಂದಂತೂ ಆಯ್ತು, ಉಳಿದ ನಾಲ್ಕೂ ಮುಗಿಸಿಬಿಡೋಣ. ಮುರುಡೇಶ್ವರದ ಶಿವ 123 ಅಡಿ ಇದ್ದಾನೆ ಕಣೆ."

"ಅಷ್ಟು ಎತ್ತರ ಇದ್ದರೆ ಇಲ್ಲಿಂದಲೇ ಕೈ ಮುಗಿಯಿರಿ," ಅಂದರಂತೆ ಅತ್ತಿಗೆ, ಕಣ್ಣು ಮುಚ್ಚಿಕೊಂಡೇ.

ಓಂ ಬೀಚಿಗೆ ಬಂದು ಓಂ ಆಕಾರ ನೋಡದೇ ಇರೋದಾ ಅಂತ ಅಣ್ಣ ಇನ್ನೊಂದು ದಾಳ ಎಸೆದ. ಅದಕ್ಕೆ ಗುಡ್ಡ ಹತ್ತಬೇಕು. ಅತ್ತಿಗೆ ಮಗ್ಗುಲು ಬದಲಿಸಿದರು.

ಇಲ್ಲಿ ಮೇಷ್ಟ್ರು ತೀರ್ಪು ಕೊಟ್ಟರು. "ತಪ್ಪು ನಿನ್ನ ಹೆಂಡತಿಯದಲ್ಲ, ಆ ನೆಲದ್ದು. ಗಣಪತಿ ಲಿಂಗ ಕೆಳಗಿಟ್ಟ. ರಾವಣ, ಕೈಲಾಸವನ್ನೇ ಅಲ್ಲಾಡಿಸಿದವನು, ಇಪ್ಪತ್ತು ಕೈ ಹಾಕಿ ಎಳೆದರೂ ಅದು ಮೇಲೇಳಲಿಲ್ಲ. ನಿನಗಿರೋದು ಎರಡೇ ಕೈ."

ಕೊನೆಗೆ ಅಣ್ಣನನ್ನೂ ಕೂರಿಸಿದ್ದು ಒಂದು ಚಪ್ಪಲಿ. ನೀರಿನಿಂದ ಹತ್ತಾರು ಮಾರು ದೂರದಲ್ಲಿ ಚಪ್ಪಲಿ ಬಿಟ್ಟು ಕಣ್ಣು ಮುಚ್ಚಿದ್ದಾನೆ. ಎದ್ದು ನೋಡಿದರೆ ಸಮುದ್ರ ಕಾಲ ಹತ್ತಿರ ಬಂದಿದೆ, ಒಂದು ಚಪ್ಪಲಿ ಇಲ್ಲ. ಭದ್ರಾ ಡ್ಯಾಮಿನಿಂದ ಬಿಟ್ಟಾಗ ಮಾತ್ರ ಏರುವ ನೀರು ನೋಡಿದವರು ನಾವು. ಯಾರೂ ಬಿಡದೆ ತಾನಾಗೇ ಏರುವ ನೀರು ಅಂದರೆ ಅನುಮಾನ.

"ಅದು ಭರತ. ಚಂದ್ರನ ಸೆಳೆತ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಇವತ್ತು ಏರಿದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ," ಅಂದರು ಮೇಷ್ಟ್ರು.

"ಅಲ್ಲಿ ಎಳನೀರಿನವನೂ ಅದನ್ನೇ ಹೇಳಿದ. ತಗೊಂಡು ಹೋದ ನೀರು ತಂದುಕೊಡಲೂಬಹುದು ಅಂತ ಮಾರನೇ ದಿನ ಟೈಮ್ ನೋಡಿಕೊಂಡು ಕೂತೆ."

"ಕೂತಿದ್ದು ಮಧ್ಯಾಹ್ನದಿಂದ ಸೂರ್ಯ ಮುಳುಗೋ ತನಕ," ಅತ್ತಿಗೆ ನಕ್ಕರು. "ಅಂಗಡಿಗೆ ಒಂದು ಫೋನ್ ಮಾಡಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ಅಷ್ಟು ಹೊತ್ತು ನನ್ನ ಪಕ್ಕ ಕೂತಿದ್ದು ಅದೇ ಮೊದಲು. ಚಪ್ಪಲಿಗೆ ನಾನು ಋಣಿ."

ನಡುವೆ ಅಣ್ಣ ಈಜಲೂ ಹೋಗಿದ್ದ. "ಭದ್ರಾ ಕಾಲುವೆಯಲ್ಲಿ ಈಜು ಕಲಿತವನು ನಾನು" ಅಂತ ಎದೆಮಟ್ಟ ನೀರಿಗೆ ಇಳಿದದ್ದೇ ತಡ, ದಡದಲ್ಲಿ ಲೈಫ್‌ಗಾರ್ಡ್ ಸೀಟಿ ಊದಿದ. ಟ್ರಾಫಿಕ್ ಪೊಲೀಸ್ ಅಂದುಕೊಂಡು ಅಣ್ಣ ಗಕ್ಕನೆ ನಿಂತ. ನಿಂತದ್ದು ಒಳ್ಳೆಯದಾಯಿತು. ಕೆಲವು ಕಡೆ ನೀರು ದಡದಿಂದ ಒಳಕ್ಕೆ ಜೋರಾಗಿ ಎಳೆಯುತ್ತದೆ. ಆಗ ನೇರ ದಡಕ್ಕೆ ಈಜಲು ಹೋದವನು ಸುಸ್ತಾಗುತ್ತಾನೆ. ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ, ಎಳೆತ ತಪ್ಪಿದ ಮೇಲೆ ಹೊರಗೆ ಬರಬೇಕು. ಇದನ್ನು ಹೇಳುವಾಗ ಮೇಷ್ಟ್ರು ನಗಲಿಲ್ಲ.

ಅಷ್ಟರಲ್ಲಿ ಅತ್ತಿಗೆ ಕೆಳಗೆ ಹೋಗಿ, ಮಂಡಕ್ಕಿಗೆ ಅಂತ ಈರುಳ್ಳಿ ಹೆಚ್ಚಿ ತಂದರು. ಕುಮಟಾದ ಈರುಳ್ಳಿ. ಬೇಸಿಗೆಯಲ್ಲಿ ಹೆದ್ದಾರಿ ಪಕ್ಕ ಗೊಂಚಲು ಕಟ್ಟಿ ನೇತು ಹಾಕಿರುತ್ತಾರಲ್ಲ, ಅದು. ಮಾಮನ ಮುಖ ಕೆಂಪಾಯಿತು.

"ದುರ್ಗದವನನ್ನ ಪಕ್ಕದಲ್ಲಿ ಕೂರಿಸಿಕೊಂಡು ಸಮುದ್ರದ ಕಡೆಯಿಂದ ಈರುಳ್ಳಿ ತಂದ್ರಾ? ನಮ್ಮ ಹೊಲದಲ್ಲೇನು ಮೂಲಂಗಿ ಬೆಳೀತೀವಾ?"

"ತಿಂದು ನೋಡಿ ಮಾಮ."

ಮಾಮ ಒಂದು ಚೂರು ಬಾಯಿಗೆ ಹಾಕಿಕೊಂಡರು. ಸಿಹಿ. ಇನ್ನೊಂದು ಹಾಕಿಕೊಂಡರು. "ಇದು ಈರುಳ್ಳಿನೇ ಅಲ್ಲ. ಕಣ್ಣಲ್ಲಿ ನೀರು ಬರಿಸಲಿಲ್ಲ ಅಂದರೆ ಎಂಥಾ ಈರುಳ್ಳಿ? ನಮ್ಮದು ನೋಡು, ಹೆಚ್ಚಿದವರಿಗೂ ಅಳು, ಬೆಳೆದವರಿಗೂ ಅಳು." ಬಟ್ಟಲು ಮಾತ್ರ ಅವರ ತೊಡೆಯ ಮೇಲೆಯೇ ಉಳಿಯಿತು.

ತಿಂದಾದ ಮೇಲೆ ಮಾಮನಿಗೂ ಸಮುದ್ರದ ಆಸೆ ಹತ್ತಿತು. "ನಾವೂ ಹೋಗೋಣ. ಜೂನ್‌ನಲ್ಲಿ ರೂಮ್ ಅಗ್ಗವಂತೆ."

"ಯಾಕೆ ಅಗ್ಗ ಅಂತ ಕೇಳಿದೆಯಾ?" ಅಂದರು ಮೇಷ್ಟ್ರು. "ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಅದು ಮೀನು ಮೊಟ್ಟೆ ಇಡೋ ಕಾಲ. ಅಲೆಗಳೂ ಮನೆ ಎತ್ತರ. ಮೀನು ಹಿಡಿಯೋರೇ ದಡದಲ್ಲಿ ಕೂತಾಗ ಈರುಳ್ಳಿ ಬೆಳೆಯೋನಿಗೆ ಅಲ್ಲೇನು ಕೆಲಸ?"

ದೀಪಾವಳಿ ಆದ ಮೇಲೆ ಅಂತಾಯಿತು. ಮಾಮ ಅಲ್ಲೇ ಮನೆಗೆ ಫೋನ್ ಮಾಡಿದರು. ಅತ್ತ ಕಡೆಯಿಂದ ಇಡಗುಂಜಿ ಗಣಪತಿ ಸೇರಿತು. ಮೇಷ್ಟ್ರ ಮನೆಯಿಂದ ಬರುತ್ತಾ ಜೋಗ. ಮೆಟ್ಟಿಲ ಹತ್ತಿರ ನಿಂತು ಕೇಳಿಸಿಕೊಂಡ ಅತ್ತೆ, "ಈ ಸಲ ನಾನೂ ಬರ್ತೀನಿ, ಐದೂ ಕ್ಷೇತ್ರ ಆಗಲಿ" ಅಂದರು. ಅಣ್ಣನ ಹಳೇ ಪಟ್ಟಿಗೆ ಜೀವ ಬಂತು. ಕಾರು ಸಾಲದೆ ಟೆಂಪೋ ಟ್ರಾವೆಲರ್ ಮಾತಾಡುವುದು ಅಂತಾಯಿತು.

"ಸಮುದ್ರ ಯಾವಾಗ?" ಅಂತ ನಾನು ಕೇಳಿದೆ.

"ಮುರುಡೇಶ್ವರ ದೇವಸ್ಥಾನದ ಮೂರು ಕಡೆಗೂ ಸಮುದ್ರವೇ. ಪ್ರದಕ್ಷಿಣೆ ಹಾಕ್ತಾ ನೋಡಿದ ಹಾಗಾಯ್ತು," ಅಂದ ಅಣ್ಣ, ಪೆನ್ನು ಹುಡುಕುತ್ತಾ.

ಅತ್ತಿಗೆ ಪೇಪರ್ ಮಡಚುತ್ತಾ ಅಂದರು: "ನೀವೆಲ್ಲ ಐದೂ ಮುಗಿಸಿಕೊಂಡು ಬನ್ನಿ. ನನ್ನನ್ನ ಗೋಕರ್ಣದಲ್ಲಿ ಇಳಿಸಿ ಹೋಗಿ, ಸಾಕು."

"ಇಳಿಸೋದೇನೋ ಇಳಿಸಬಹುದು," ಅಂದರು ಮೇಷ್ಟ್ರು, "ವಾಪಸ್ ಬರುವಾಗ ಎತ್ತೋರು ಯಾರು?"