ಜೊತೆ ಬೇಕು, ಯಾವ ಊರಿಗೆ ಹೋಗಲಿ?

ಓದುಗರೊಬ್ಬರ ಸಮಸ್ಯೆ: ನನಗೆ 34 ವರ್ಷ. ಊರು ದಾವಣಗೆರೆ. ನಾನು ಗೇ. ಅಕ್ಕನಿಗೆ ಗೊತ್ತು, ಅಮ್ಮನಿಗೆ ಹೇಳಿಲ್ಲ. ಕಂಪನಿ ಕೆಲಸ ಮನೆಯಿಂದಲೇ, ಹಾಗಾಗಿ ಎಲ್ಲಿ ಬೇಕಾದರೂ ಇರಬಹುದು. ಒಂಟಿಯಾಗಿದ್ದು ಸಾಕಾಗಿದೆ. ಒಬ್ಬ ಸಂಗಾತಿ ಬೇಕು. ಬೆಂಗಳೂರಿಗೆ ಹೋಗಲಾ? ಖರ್ಚು ಕಡಿಮೆ ಅಂತ ಮೈಸೂರಿಗೆ ಹೋಗಲಾ? ಅಥವಾ ಕಂಪನಿಯ ನೆದರ್ಲೆಂಡ್ಸ್ ಆಫೀಸಿಗೆ ವರ್ಗ ಕೇಳಲಾ?

ಓದುಗರ ಸ್ಪಂದನ:

ತಮ್ಮಾ, ನಾನು 2003ರಲ್ಲಿ ಹಾಸನದಿಂದ ಬೆಂಗಳೂರಿಗೆ ಬಂದವನು. ಮನೆಯಲ್ಲಿ ಕೆಲಸಕ್ಕೆ ಅಂತ ಹೇಳಿದ್ದೆ. ನಿಜವಾದ ಕಾರಣ ನಿನ್ನದೇ.

ಇಲ್ಲಿ 'ಗುಡ್ ಆಸ್ ಯು' ಅಂತ ನಮ್ಮಂಥವರದೇ ಒಂದು ಗುಂಪಿದೆ. 1994ರಲ್ಲಿ ಶುರುವಾದದ್ದು, ಗುರುವಾರ ಸಂಜೆ ಸೇರುವ ಗುಂಪು. ಎರಡು ವಾರ ನಾನು ಗೇಟಿನ ತನಕ ಹೋಗಿ, ಎದುರಿನ ಬೇಕರಿಯಲ್ಲಿ ಟೀ ಕುಡಿದು ವಾಪಸ್ ಬಂದೆ. ಮೂರನೇ ವಾರ ಒಳಗೆ ಕಾಲಿಟ್ಟೆ. ಹತ್ತು ಹನ್ನೆರಡು ಜನ ಕೂತಿದ್ದರು. ಒಬ್ಬರು ಬ್ಯಾಂಕ್ ಕ್ಲರ್ಕು, ಒಬ್ಬ ಕಾಲೇಜು ಹುಡುಗ, ಮದುವೆಯಾಗಿ ಇಬ್ಬರು ಮಕ್ಕಳಿದ್ದವರೊಬ್ಬರು. ತಮ್ಮನ ಮದುವೆಯಲ್ಲಿ ನೆಂಟರು "ನಿಂದ್ಯಾವಾಗಪ್ಪಾ?" ಅಂದರೆ ಏನು ಹೇಳೋದು ಅನ್ನೋದೇ ಅವತ್ತಿನ ಮಾತು. ನಾನು ಬಾಯಿ ಬಿಡಲಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಅತ್ತುಬಿಟ್ಟೆ. ನನ್ನ ಮನಸ್ಸಿನ ಪ್ರಶ್ನೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಅಲ್ಲಿ ನನಗೆ ಪ್ರೀತಿ ಸಿಗಲಿಲ್ಲ. ಗೆಳೆಯರು ಸಿಕ್ಕರು. ಅವರಲ್ಲೊಬ್ಬ 2012ರಲ್ಲಿ ಮನೆ ಶಿಫ್ಟ್ ಮಾಡಿದ. ಸಾಮಾನು ಹೊರೋಕೆ ಹೋಗಿದ್ದೆ. ಮೆಟ್ಟಿಲ ಮೇಲೆ ಬೀರುವಿನ ಇನ್ನೊಂದು ತುದಿ ಹಿಡಿದವನೇ ಇವತ್ತು ನನ್ನ ಜೊತೆ ಇರುವವನು. ಡೇಟಿಂಗ್ ಆಪ್‌ನಲ್ಲಿ ನೋಡಬೇಡ ಅಂತ ನಾನು ಹೇಳುತ್ತಿಲ್ಲ. ಈಗ ಜಾಸ್ತಿ ಜನ ಸಿಗೋದು ಅಲ್ಲೇ. ಆದರೆ ಗೆಳೆಯರ ಗೆಳೆಯ ಸಿಕ್ಕರೆ ಅವನು ಎಂಥವನು ಅಂತ ಹೇಳೋಕೆ ನಾಲ್ಕು ಜನ ಇರುತ್ತಾರೆ.

ಅದಕ್ಕೇ ಬೆಂಗಳೂರಿಗೆ ಬಾ ಅನ್ನುತ್ತೇನೆ. ಆದರೆ ಬೆಂಗಳೂರಲ್ಲಿ ಎಲ್ಲಿ ಅನ್ನೋದು ಅಷ್ಟೇ ಮುಖ್ಯ. ನೀನು ಸರ್ಜಾಪುರ ರಸ್ತೆಯಲ್ಲಿ, ಅವನು ಯಲಹಂಕದಲ್ಲಿ ಅಂದರೆ ವಾರದ ದಿನ ಮುಖ ನೋಡೋದು ಕಷ್ಟ. ನನಗೆ ಗೊತ್ತಿರುವ ಒಂದು ಜೋಡಿ ಟ್ರಾಫಿಕ್‌ನಲ್ಲೇ ದೂರವಾಯಿತು. ಮೆಟ್ರೋ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರ ಮನೆ ಹಿಡಿ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಪೂರ್ತಿ ಓಡುತ್ತಿದೆ. ಅದರ ನಡುಭಾಗದಲ್ಲಿದ್ದರೆ ಯಾರನ್ನು ನೋಡೋಕೆ ಹೋಗಬೇಕಾದರೂ ಸಲೀಸು. ಬಾಡಿಗೆ ಜಾಸ್ತಿ, ಅಡ್ವಾನ್ಸೂ ಜಾಸ್ತಿ, ನಿಜ. ಚಿಕ್ಕ ಮನೆ ಸಾಕು. "ಫ್ಯಾಮಿಲಿಗೆ ಮಾತ್ರ" ಅನ್ನೋ ಬೋರ್ಡು ಬೇಕಾದಷ್ಟು ನೋಡುತ್ತೀಯ. ಓನರ್ ಕೆಳಗೇ ಇರುವ ಮನೆ ಬೇಡ. ಗೇಟಿನ ಸದ್ದಾದಾಗಲೆಲ್ಲ ಯಾರು ಬಂದರು ಅಂತ ಕಿಟಕಿ ತೆರೆಯುತ್ತದೆ. ಮೊದಲ ಮೂರು ತಿಂಗಳು ಪಿಜಿಯಲ್ಲಿರು. ಊರು ಹಿಡಿಸಿದರೆ ಆಮೇಲೆ ಅಗ್ರಿಮೆಂಟ್ ಮಾಡು.

ಇನ್ನೊಂದು ಮಾತು. ನಮ್ಮ ಮದುವೆಗೆ ಇಲ್ಲಿ ಕಾನೂನಿನ ಒಪ್ಪಿಗೆ ಇಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಅದನ್ನು ಕೊಡಲು ಒಪ್ಪಲಿಲ್ಲ. ಅವತ್ತು ನಾವಿಬ್ಬರೂ ಅಡುಗೆ ಮಾಡಲಿಲ್ಲ. ಆದರೆ ನಮ್ಮಂಥವರು ಜಂಟಿ ಖಾತೆ ತೆರೆಯೋಕೆ, ಸಂಗಾತಿಯನ್ನು ನಾಮಿನಿ ಮಾಡೋಕೆ ಅಡ್ಡಿಯಿಲ್ಲ ಅಂತ 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಸ್ಪಷ್ಟ ಮಾಡಿದೆ. ನಾವು ಖಾತೆ ಮಾಡಿಸಿದೆವು. ಪಾಸ್‌ಬುಕ್ಕಿನಲ್ಲಿ ಎರಡೂ ಹೆಸರು ಒಟ್ಟಿಗೆ ಬಂದದ್ದನ್ನು ಅವನು ಮನೆಗೆ ಬರುವ ದಾರಿಯಲ್ಲಿ ಮೂರು ಸಲ ತೆಗೆದು ನೋಡಿದ.

– ಹೆಸರು ಬೇಡ, ಬೆಂಗಳೂರು

ನನಗೆ ಮೈಸೂರು ಅಂದರೆ ಪ್ರಾಣ. ಆದರೂ ಈಗ ಬೇಡ ಅನ್ನುತ್ತೇನೆ. ಇಲ್ಲಿ ಆಪ್ ತೆರೆದರೆ ವರ್ಷಗಟ್ಟಲೆ ಅದೇ ಇಪ್ಪತ್ತು ಮೂವತ್ತು ಪ್ರೊಫೈಲು. ಅರ್ಧಕ್ಕರ್ಧ ಫೋಟೋ ಇಲ್ಲದವು. ಒಂದರಲ್ಲಿ ನನ್ನ ಚಿಕ್ಕಪ್ಪನ ಮಗನ ಕ್ಲಾಸ್‌ಮೇಟ್ ಇದ್ದಾನೆ. ಇಬ್ಬರೂ ಬ್ಲಾಕ್ ಮಾಡಿಕೊಂಡಿದ್ದೇವೆ, ದೇವರಾಜ ಮಾರ್ಕೆಟ್‌ನಲ್ಲಿ ಎದುರಾದರೆ ತಲೆ ತಗ್ಗಿಸುತ್ತೇವೆ. ಎಷ್ಟೋ ಭಾನುವಾರ ರೈಲಲ್ಲಿ ಬೆಂಗಳೂರಿಗೆ ಹೋಗಿ, ಮಾತು ಅರ್ಧದಲ್ಲಿದ್ದಾಗಲೇ ಕೊನೇ ರೈಲಿಗೆ ಓಡಿ ಬಂದಿದ್ದೇನೆ. ಆ ಅರ್ಧ ಮಾತು ಮುಂದಿನ ವಾರಕ್ಕೆ ತಣ್ಣಗಾಗಿರುತ್ತದೆ. ಜೊತೆ ಸಿಕ್ಕ ಮೇಲೆ ಇಬ್ಬರೂ ಬನ್ನಿ. ಆಗ ಇದರಷ್ಟು ಚೆನ್ನಾದ ಊರಿಲ್ಲ.

– ಒಬ್ಬ ಓದುಗ, ಮೈಸೂರು

ನಾನಿರೋದು ಉಟ್ರೆಕ್ಟ್‌ನಲ್ಲಿ. ಬಂದು ಆರು ವರ್ಷ. ನಮ್ಮಂಥವರ ಮದುವೆಗೆ ಜಗತ್ತಿನಲ್ಲಿ ಮೊದಲು ಕಾನೂನು ಮಾಡಿದ ದೇಶ ಇದು, 2001ರ ಏಪ್ರಿಲ್ 1ರಿಂದ. ಬೀದಿಯಲ್ಲಿ ಇಬ್ಬರು ಗಂಡಸರು ಕೈ ಹಿಡಿದು ನಡೆಯೋದನ್ನು ಮೊದಲ ಸಲ ನೋಡಿದಾಗ ಸೈಕಲ್ ನಿಲ್ಲಿಸಿ ನಿಂತುಬಿಟ್ಟಿದ್ದೆ. ಆ ನೆಮ್ಮದಿಗೆ ಬೆಲೆ ಕಟ್ಟೋಕೆ ಆಗಲ್ಲ.

ಆದರೆ ಹಕ್ಕು ಇದ್ದ ಮಾತ್ರಕ್ಕೆ ಸಂಗಾತಿ ಸಿಗಲ್ಲ. ಇಲ್ಲಿ ಗೆಳೆಯನ ಮನೆಗೆ ಕಾಫಿಗೆ ಹೋಗಬೇಕಾದರೂ ಎರಡು ಮೂರು ವಾರ ಮೊದಲೇ ದಿನ ಗೊತ್ತು ಮಾಡಬೇಕು. ಸುಮ್ನೆ ಬಾಗಿಲು ತಟ್ಟುವ ಹಾಗಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲು. ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ಆದರೆ ಊಟದ ಮೇಜಿನಲ್ಲಿ ನಗೋದು ಡಚ್‌ನಲ್ಲಿ. ಮೊದಲೆರಡು ವರ್ಷ ನಾನು ದಾವಣಗೆರೆಯಲ್ಲಿ ನೀವು ಇರೋದಕ್ಕಿಂತ ಒಂಟಿಯಾಗಿದ್ದೆ. ಡಚ್ ಕ್ಲಾಸು ಸೇರಿದ ಮೇಲೆ ಬದುಕು ಸ್ವಲ್ಪ ತೆರೆಯಿತು. ಬಾಡಿಗೆ ಮನೆ ಸಿಗೋದೂ ಬಹಳ ಕಷ್ಟ. ಇನ್ನು ಇಲ್ಲಿ ಮದುವೆಯಾದರೂ ಊರಿಗೆ ವಾಪಸ್ ಬಂದರೆ ಆ ಪತ್ರಕ್ಕೆ ಕಾನೂನಿನ ಬೆಲೆ ಇಲ್ಲ. ಈ ದೇಶದಲ್ಲೇ ನೆಲೆ ನಿಲ್ಲುವ ಆಸೆ ಇದ್ದರೆ ಖಂಡಿತ ಬನ್ನಿ. ಬರೀ ಜೊತೆಗಾರನಿಗಾಗಿ ಬೇಡ.

– ಕನ್ನಡಿಗ, ಉಟ್ರೆಕ್ಟ್

ಇದನ್ನು ಬರೆಯೋಕೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. 2021ರಲ್ಲಿ ಆಪ್‌ನಲ್ಲಿ ಪರಿಚಯವಾದವನೊಬ್ಬ ರೂಮಿಗೆ ಕರೆದ. ಹೋದೆ. ಹತ್ತು ನಿಮಿಷಕ್ಕೆ ಇನ್ನಿಬ್ಬರು ಒಳಗೆ ಬಂದು ಬಾಗಿಲು ಹಾಕಿದರು. ವಿಡಿಯೋ ಮಾಡಿದ್ದೇವೆ, ಮನೆಗೆ ಕಳಿಸುತ್ತೇವೆ ಅಂದರು. ಫೋನಿಂದ 18,000 ರೂಪಾಯಿ ಹಾಕಿಸಿಕೊಂಡು ಬಿಟ್ಟರು. ರಾತ್ರಿ ಹನ್ನೊಂದು ಗಂಟೆ. ರಸ್ತೆ ಬದಿ ನಿಂತು ಫೋನಲ್ಲಿದ್ದ ಹೆಸರುಗಳನ್ನೆಲ್ಲ ಮೇಲಿಂದ ಕೆಳಗೆ ನೋಡಿದೆ. ಕರೆ ಮಾಡಬಹುದಾದ ಒಂದು ಹೆಸರೂ ಇರಲಿಲ್ಲ. ದುಡ್ಡು ಹೋದದ್ದಕ್ಕಿಂತ ಅದು ಜಾಸ್ತಿ ನೋವು ಕೊಟ್ಟಿತು.

ದೂರು ಕೊಡಬೇಕಿತ್ತು ಅಂತ ಆಮೇಲೆ ತಿಳಿಯಿತು. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ನಾವು ಮಾಡಿದ್ದು ಅಪರಾಧವೇ ಅಲ್ಲ. ಬೆದರಿಸಿ ದುಡ್ಡು ಕಿತ್ತದ್ದು ಅಪರಾಧ. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಭೇಟಿ ಹೋಟೆಲಿನಲ್ಲೋ ಪಾರ್ಕಿನಲ್ಲೋ ಇರಲಿ. ಎಲ್ಲಿಗೆ ಹೋಗುತ್ತಿದ್ದೇನೆ ಅಂತ ನಿಮ್ಮ ಅಕ್ಕನಿಗೆ ಹೇಳಿ ಹೋಗಿ. ಅವರಿಗೆ ಗೊತ್ತಿರೋದು ನಿಮ್ಮ ಪುಣ್ಯ. ಊರು ಯಾವುದಾದರೂ ಸರಿ, ಹನ್ನೊಂದು ಗಂಟೆ ರಾತ್ರಿ ಫೋನ್ ಎತ್ತುವ ಇಬ್ಬರನ್ನು ಮೊದಲು ಸಂಪಾದಿಸಿಕೊಳ್ಳಿ. ಬೆಂಗಳೂರಲ್ಲಿ ಅದು ಬೇಗ ಆಗುತ್ತದೆ.

– ನೊಂದ ಓದುಗ, ಹುಬ್ಬಳ್ಳಿ

ಮಗಾ, ನಾನು ತಾಯಿಯಾಗಿ ಬರೆಯುತ್ತಿದ್ದೇನೆ. ನನ್ನ ಮಗ 2019ರಲ್ಲಿ ಹೇಳಿದ. ನಾನು ಅಕ್ಕಿ ಆರಿಸುತ್ತಿದ್ದೆ, ಮೊರ ಕೆಳಗಿಡಲಿಲ್ಲ. ಆ ಅಕ್ಕಿಯನ್ನೇ ಮೂರು ಸಲ ಆರಿಸಿದೆ. ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ. ಆ ವರ್ಷ ಈಗ ವಾಪಸ್ ಬೇಕು ಅನಿಸುತ್ತದೆ.

ಈಗ ಅವನು ಬೆಂಗಳೂರಲ್ಲಿ ಒಬ್ಬ ಹುಡುಗನ ಜೊತೆ ಇದ್ದಾನೆ. ಮೊದಲ ಸಲ ಹೋದಾಗ ಮನೆಯಲ್ಲಿ ಒಂದೇ ಮಂಚ ನೋಡಿದೆ. ಏನೂ ಕೇಳಲಿಲ್ಲ. ಆ ಹುಡುಗ ನನಗೆ ಮಂಚ ಬಿಟ್ಟುಕೊಟ್ಟು, ಇಬ್ಬರೂ ಹಾಲ್‌ನಲ್ಲಿ ಚಾಪೆ ಹಾಕಿಕೊಂಡರು. ಬೆಳಿಗ್ಗೆ ಎದ್ದು ನೋಡಿದರೆ ನನ್ನ ಮಗನ ಮೇಲೆ ಹೊದಿಕೆ ಸರಿಯಾಗಿ ಹೊದಿಸಿತ್ತು, ಆ ಹುಡುಗನ ಮೇಲೆ ಇರಲಿಲ್ಲ. ನನ್ನ ಮನಸ್ಸು ಅಲ್ಲೇ ಕರಗಿತು.

ಅಮ್ಮನಿಗಾಗಿ ದಾವಣಗೆರೆಯಲ್ಲೇ ಉಳಿಯಬೇಡ. ಬೆಂಗಳೂರಿಂದ ಬೆಳಿಗ್ಗೆ ವಂದೇ ಭಾರತ್ ಹತ್ತಿದರೆ ತಿಂಡಿ ಹೊತ್ತಿಗೆ ನಿಮ್ಮೂರಲ್ಲಿರುತ್ತೀಯ. ಹೇಳೋಕೆ ಅವಸರ ಬೇಡ, ಅಕ್ಕನನ್ನು ಜೊತೆಗಿಟ್ಟುಕೊಂಡು ಹೇಳು. ಮತ್ತೆ, ಮನೆ ನೋಡುವಾಗ ಲಿಫ್ಟ್ ಇದೆಯಾ ಅಂತ ಕೇಳು. ಇವತ್ತಲ್ಲ ನಾಳೆ ನಿಮ್ಮಮ್ಮ ಬಂದೇ ಬರುತ್ತಾರೆ. ನಮ್ಮ ವಯಸ್ಸಿನವರ ಮೊಣಕಾಲಿಗೆ ಎರಡು ಮಹಡಿ ಮೆಟ್ಟಿಲು ಬಹಳ ಕಷ್ಟ.

– ಒಬ್ಬ ತಾಯಿ, ಚಿತ್ರದುರ್ಗ