ನಾವು ಬೇರೆ ಮಾಡಿ ಕೊಡುವ ಒಣ ಕಸದಲ್ಲಿ ನಿಜವಾಗಿ ಮರುಬಳಕೆ ಆಗುವುದು ಯಾವುದು?

ರಾಜಾಜಿನಗರ_ಮೂರನೇ_ಮಹಡಿ

ನಮಸ್ಕಾರ. ನಮ್ಮದು ರಾಜಾಜಿನಗರದಲ್ಲಿ ಬಾಡಿಗೆ ಮನೆ, ನಾಲ್ಕು ಜನ ಇದ್ದೇವೆ. ಹಸಿ ಕಸ ಹಸಿರು ಬಕೆಟ್ಟಿಗೆ, ಪ್ಯಾಡು ಡೈಪರು ಕೆಂಪು ಬಕೆಟ್ಟಿಗೆ, ಉಳಿದದ್ದು ಒಂದು ಚೀಲಕ್ಕೆ. ಇಷ್ಟು ಸರಿಯಾಗಿ ನಡೆಯುತ್ತಿದೆ. ಆದರೆ ಆ ಚೀಲ ನೋಡನೋಡುತ್ತ ತುಂಬಿಬಿಡುತ್ತದೆ. ಹಾಲಿನ ಪ್ಯಾಕೆಟ್, ಹೋಟೆಲ್ ಪಾರ್ಸಲ್ ಡಬ್ಬಿ, ಮಗಳ ಚಿಪ್ಸ್ ಪ್ಯಾಕೆಟ್, ಆನ್‌ಲೈನ್‌ನಲ್ಲಿ ತರಿಸಿದ್ದರ ಕವರು. ಅತ್ತೆ ದಿನಾ ಕೇಳುತ್ತಾರೆ: "ಇಷ್ಟೆಲ್ಲ ತೊಳೆದು ಕೊಟ್ಟರೂ ಕೊನೆಗೆ ಎಲ್ಲ ಒಂದೇ ಗುಡ್ಡೆಗೆ ತಾನೇ ಹೋಗೋದು?" ನನ್ನ ಹತ್ತಿರ ಉತ್ತರ ಇಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ನಾವು ಕಸ ತೊಳೆಯಲು ನೀರು ಸುರಿಯಬೇಕೇ? ಒಳಗಿನ ವಿಷಯ ಗೊತ್ತಿರುವವರು ದಯವಿಟ್ಟು ಹೇಳಿ.

ಒಣಕಸದ_ಕೆಲಸ

ಮೇಡಂ, ನಾನು ಒಂದು ವಾರ್ಡಿನ ಒಣ ಕಸ ಸಂಗ್ರಹಣಾ ಕೇಂದ್ರದಲ್ಲಿ ವಿಂಗಡಣೆ ಮಾಡುತ್ತೇನೆ. ನಿಮ್ಮ ಚೀಲದಂಥವೇ ನಮ್ಮ ಮುಂದೆ ಬಂದು ಬೀಳುವುದು. ಅತ್ತೆಯವರಿಗೆ ಹೇಳಿ, ಎಲ್ಲ ಒಂದೇ ಗುಡ್ಡೆಗೆ ಹೋಗುವುದಿಲ್ಲ. ನೆಲದ ಮೇಲೆ ಕೂತು, ಒಂದೊಂದನ್ನೂ ಕೈಯಲ್ಲಿ ಹಿಡಿದು ಬೇರೆ ಮಾಡುತ್ತೇವೆ. ಕೊಳ್ಳುವವರು ಇರುವ ಮಾಲು ಮರುಬಳಕೆಗೆ ಹೋಗುತ್ತದೆ, ಇಲ್ಲದ್ದು ಹೋಗುವುದಿಲ್ಲ.

ನಂದಿನಿ ಪ್ಯಾಕೆಟ್ ಒಳ್ಳೆಯ ಮಾಲು. ಒಂದೇ ಜಾತಿಯ ಪ್ಲಾಸ್ಟಿಕ್ಕು, ಕರಗಿಸಿದರೆ ಚೆನ್ನಾಗಿ ಬರುತ್ತದೆ. ಆದರೆ ಒಳಗೆ ಹಾಲು ಉಳಿದಿದ್ದರೆ ಒಂದೇ ದಿನಕ್ಕೆ ನಾರುತ್ತದೆ, ಪಕ್ಕದ ರಟ್ಟು, ಪೇಪರನ್ನೂ ಕೆಡಿಸುತ್ತದೆ. ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಒಂದು ಕಡೆ ಅಂಟಿಕೊಂಡೇ ಇರಲಿ. ಆ ಚೂರು ಬಿದ್ದರೆ ಯಾರ ಕೈಗೂ ಸಿಗುವುದಿಲ್ಲ, ಮಣ್ಣಿಗೋ ಮೋರಿಗೋ ಸೇರುತ್ತದೆ.

ನೀರಿನ ಬಗ್ಗೆ ಕೇಳಿದಿರಿ. ನಲ್ಲಿ ನೀರು ಬೇಡವೇ ಬೇಡ. ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ಕೊನೇ ನೀರು ಸಾಕು. ಫಳಫಳ ಹೊಳೆಯಬೇಕಿಲ್ಲ, ಜಿಡ್ಡು ಹೋಗಿ ಒಣಗಿದ್ದರೆ ಆಯಿತು.

ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಪ್ಯಾಕೆಟ್ ಮಾತ್ರ ಬೇರೆ ಕಥೆ. ಅದರಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ಕು, ನಡುವೆ ಅಲ್ಯೂಮಿನಿಯಂ ಲೇಪ. ಪದರ ಬಿಡಿಸಲು ಆಗುವುದಿಲ್ಲ, ಗುಜರಿಯವರು ಮುಟ್ಟುವುದಿಲ್ಲ. ಬೇರೆ ಇಟ್ಟುಕೊಟ್ಟರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತದೆ. ಅದು ಮರುಬಳಕೆ ಅಲ್ಲ, ಸುಡುವುದು ಅಷ್ಟೇ. ಮುಷ್ಟಿಯಲ್ಲಿ ಮುದುರಿ ಬಿಡಿ, ಒಳಗೆ ಬೆಳ್ಳಿ ಬಣ್ಣ ಇದ್ದು ಚರಚರ ಅಂತ ಬಿಚ್ಚಿಕೊಂಡರೆ ಹೆಚ್ಚಾಗಿ ಇದೇ ಜಾತಿ.

ಇನ್ನೊಂದು ಮಾತು, ಇದನ್ನು ಎಲ್ಲರೂ ಓದಲಿ ಅಂತ ಬರೆಯುತ್ತಿದ್ದೇನೆ. ಒಡೆದ ಗಾಜು, ಬ್ಲೇಡು ಇದ್ದರೆ ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ "ಗಾಜು" ಅಂತ ಬರೆಯಿರಿ. ಸಿರಿಂಜು, ಪ್ಯಾಡು ಒಣ ಚೀಲದೊಳಗೆ ಬರಲೇಬಾರದು. ಗ್ಲೌಸ್ ಹಾಕಿಕೊಂಡರೂ ಸೂಜಿ ಚುಚ್ಚುತ್ತದೆ. ನಮ್ಮಲ್ಲಿ ಒಬ್ಬ ಅಕ್ಕನ ಬೆರಳು ಹಾಗೇ ಕೀವಾಗಿ, ಕೆಲಸಕ್ಕೆ ಬರಲಾಗದೆ ಕೂಲಿಯೂ ಹೋಯಿತು.

ಗಾಂಧಿಬಜಾರ್_ಚೀಲ

ಮೇಲಿನವರ ಮಾತು ಓದಿ ಮನಸ್ಸು ತುಂಬಿತು, ನಮಸ್ಕಾರ ನಿಮಗೆ. ನನ್ನ ಅಕ್ಕನನ್ನು ಕೊಟ್ಟಿರುವುದು ಮಂಡೂರಿನ ಕಡೆಗೆ. ಬೆಂಗಳೂರಿನ ಕಸ ತಂದು ಸುರಿಯುತ್ತಿದ್ದ ಊರು ಅದು, ಆ ನಾತ ಅಲ್ಲಿನವರು ವರ್ಷಗಟ್ಟಲೆ ಉಂಡರು. 2014ರಲ್ಲಿ ಜನ ಬೀದಿಗೆ ಇಳಿದ ಮೇಲೆ ಅಲ್ಲಿಗೆ ಕಸ ಹೋಗುವುದು ನಿಂತಿತು. ಹಾಗಾಗಿ ನನಗೆ ಮನೆಗೆ ಬರುವ ಪ್ಲಾಸ್ಟಿಕ್ಕನ್ನೇ ಕಡಿಮೆ ಮಾಡುವುದು ಮುಖ್ಯ.

ಬೇಳೆ, ಅಕ್ಕಿ, ಸಕ್ಕರೆಯನ್ನು ಬಿಡಿಯಾಗಿ ಮಾರುವ ದಿನಸಿ ಅಂಗಡಿಯಲ್ಲೇ ತರುತ್ತೇವೆ. ಮನೆಯಲ್ಲೇ ಹೊಲಿದ ಹಳೇ ಪಂಚೆಯ ಚಿಕ್ಕ ಚೀಲಗಳು. ಕಡಲೆಕಾಯಿ ಎಣ್ಣೆಗೆ ಗಾಣದ ಅಂಗಡಿಗೆ ಸ್ಟೀಲ್ ಕ್ಯಾನು ಒಯ್ಯುತ್ತೇವೆ. ದರ್ಶಿನಿಯಿಂದ ಇಡ್ಲಿ ತರುವಾಗ ಟಿಫನ್ ಕ್ಯಾರಿಯರ್. ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಕವರಿಗೆ ಸುರಿಸಿಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಮೊದಲು ಹುಡುಗರು ಗೊಣಗುತ್ತಿದ್ದರು, ಈಗ ಕ್ಯಾರಿಯರ್ ನೋಡಿದರೆ ಚಟ್ನಿ ಜಾಸ್ತಿ ಹಾಕುತ್ತಾರೆ.

ಅಂಗಡಿಯಲ್ಲಿ ಬಟ್ಟೆ ಚೀಲ ಅಂತ ಕೊಡುವ ತೆಳು ಬಣ್ಣದ ಚೀಲ ಇದೆಯಲ್ಲ, ನಾನ್‌ವೋವನ್ ಅನ್ನುತ್ತಾರೆ. ಅದೂ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಲ್ಲೇ ನಿಷೇಧ ಬಂದಿದೆ, ಆದರೂ ಹೂವಿನ ಅಂಗಡಿಯಿಂದ ಹಿಡಿದು ಎಲ್ಲ ಕಡೆ ಕೊಡುತ್ತಾರೆ. ನಾವು ಬೇಡ ಅನ್ನಬೇಕು.

ರಾಜಾಜಿನಗರ_ಮೂರನೇ_ಮಹಡಿ

ಇಬ್ಬರಿಗೂ ಧನ್ಯವಾದ. ಅತ್ತೆಗೆ ಪೂರ್ತಿ ಓದಿ ಹೇಳಿದೆ. ಅಕ್ಕಿ ತೊಳೆದ ನೀರನ್ನು ಅವರು ಈಗಾಗಲೇ ಕರಿಬೇವಿಗೆ ಎತ್ತಿಡುತ್ತಾರೆ, ಪ್ಯಾಕೆಟ್ ಜಾಲಾಡಿಸಿದ ಮೇಲೆ ಅದೇ ನೀರು ಗಿಡಕ್ಕೆ ಹೋಗಲಿ ಅಂದರು. ಹೋಟೆಲಿನ ಕಪ್ಪು ಡಬ್ಬಿಗಳ ಬಗ್ಗೆ ಕೇಳಬೇಕಿತ್ತು. ಅವುಗಳಿಗೆ ಕೊಳ್ಳುವವರು ಇದ್ದಾರೆಯೇ?

ಒಣಕಸದ_ಕೆಲಸ

ಇದ್ದಾರೆ ಮೇಡಂ, ಜಿಡ್ಡು ಇರಬಾರದು ಅಷ್ಟೇ. ತಳದಲ್ಲಿ ತ್ರಿಕೋನದೊಳಗೆ 5 ಅಂತ ಇದ್ದರೆ ಪಾಲಿಪ್ರೊಪಿಲೀನ್, ಹೋಗುತ್ತದೆ. ಕಪ್ಪು ಬಣ್ಣ ಕರಗಿಸಿದರೂ ಕಪ್ಪೇ ಉಳಿಯುವುದರಿಂದ ಬಿಳಿಯದಕ್ಕಿಂತ ಬೆಲೆ ಕಡಿಮೆ. ಗಟ್ಟಿ ಇರುವುದನ್ನು ಸ್ಕ್ರೂ, ಗುಂಡಿ, ಸೂಜಿದಾರ ಹಾಕಿಡಲು ಇಟ್ಟುಕೊಳ್ಳಿ. ಉಳಿದದ್ದನ್ನು ಒಂದರೊಳಗೆ ಒಂದು ಸೇರಿಸಿ ಕೊಡಿ, ಚೀಲದಲ್ಲಿ ಜಾಗವೂ ಉಳಿಯುತ್ತದೆ.