ಜಾಕಿ ಚಾನ್ ಫಾರ್ವರ್ಡ್ ಮೇಲೆ ನಮ್ಮ ಮನೆಮಂದಿ ಗುಂಪಿನಲ್ಲಿ ನಡೆದ ವಾದ

*ಗುಂಪು: ಹೊಸಪೇಟೆ ಮನೆಮಂದಿ*

ದೊಡ್ಡಪ್ಪ (ಫಾರ್ವರ್ಡ್): ಮಕ್ಕಳಿಗೆ ಆಸ್ತಿ ಮಾಡಬೇಡಿ, ಮಕ್ಕಳನ್ನೇ ಆಸ್ತಿ ಮಾಡಿ!! ಬ್ರೂಸ್ ಲೀ ಶಿಷ್ಯನಾದ ಜಾಕಿ ಚಾನ್ ಬಡವರ ಮನೆಯಲ್ಲಿ ಹುಟ್ಟಿ, 7ನೇ ವಯಸ್ಸಿಗೆ ಗುರುಕುಲ ಸೇರಿ, ಗುರುವಿನ ಬೆತ್ತದ ಏಟು ತಿಂದು ವಿಶ್ವವಿಖ್ಯಾತನಾದ. ಇಂದು ಅಪಾರ ಆಸ್ತಿಯ ಒಡೆಯ. ಆದರೆ ಇರುವ ಒಬ್ಬನೇ ಮಗನಿಗೆ ಒಂದು ಪೈಸೆಯನ್ನೂ ಕೊಡದೆ ಎಲ್ಲವನ್ನೂ ದಾನಕ್ಕೆ ಬಿಟ್ಟಿದ್ದಾನೆ. ಮಗ ಸಮರ್ಥನಿದ್ದರೆ ತಾನೇ ದುಡಿಯುತ್ತಾನೆ, ಇಲ್ಲದಿದ್ದರೆ ನನ್ನ ದುಡ್ಡನ್ನೂ ಹಾಳು ಮಾಡುತ್ತಾನೆ ಎಂದಿದ್ದಾನೆ. ಇಂಥ ತಂದೆ ಮನೆಗೊಬ್ಬರಿರಲಿ. 5 ಗುಂಪಿಗಾದರೂ ಕಳುಹಿಸಿ.

ದೊಡ್ಡಪ್ಪ: ಎಲ್ಲಾರೂ ಪೂರ್ತಿ ಓದ್ರಿ. ಬೆತ್ತ ಹೋತು, ಶಾಲಿ ಕೆಟ್ವು ಅಂತ ನಾ ಹೇಳಿದ್ರ ಯಾರೂ ಕೇಳಂಗಿಲ್ಲ. ಈಗ ಜಾಕಿ ಚಾನ್ ಹೇಳ್ಯಾನ ನೋಡ್ರಿ.

ವಿನಯ್: ಸೂಪರ್ ದೊಡ್ಡಪ್ಪ 👏 ಆಸ್ತಿ ವಿಷಯ ಅವನು 2011ರಲ್ಲಿ ನಿಜವಾಗ್ಲೂ ಹೇಳಿದ್ದ.

ಶಶಿ ಚಿಕ್ಕಪ್ಪ: ನಮ್ಮ ಹಂಪಿಗೆ ಬಂದಿದ್ದನಲ್ಲ! "ದಿ ಮಿಥ್" ಸಿನಿಮಾ, 2005ರಾಗ ಬಂತು. ಮಲ್ಲಿಕಾ ಶೆರಾವತ್ ಇದ್ಲು. ಜನ ನೂಕಾಡೋದ್ರಾಗ ನಾನೂ ದೂರದಿಂದ ಅವನ ತಲಿ ಅಷ್ಟು ನೋಡಿ ಬಂದಿದ್ದೆ.

ಅನು: ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ಜಾಕಿ ಚಾನ್ ಅಂದ್ರೆ ನನಗೆ ಪ್ರಾಣ, ಎಡಿಟಿಂಗ್ ಕಲಿಯೋವಾಗ ಅವನ ಫೈಟ್‌ಗಳನ್ನ ಶಾಟ್ ಶಾಟ್ ಬಿಡಿಸಿ ನೋಡಿದವಳು ನಾನು. ಅದಕ್ಕೇ ಈ ಮೆಸೇಜ್ ನೋಡಿ ಸುಮ್ಮನಿರೋಕೆ ಆಗ್ತಿಲ್ಲ. ಅವನು ಬ್ರೂಸ್ ಲೀ ಶಿಷ್ಯ ಅಲ್ಲ. "ಫಿಸ್ಟ್ ಆಫ್ ಫ್ಯೂರಿ"ಯಲ್ಲಿ (1972) ವಿಲನ್‌ಗೆ ಡ್ಯೂಪ್ ಆಗಿ ಬ್ರೂಸ್ ಲೀ ಒದೆ ತಿಂದು ಹಾರಿ ಬಿದ್ದವನು. "ಎಂಟರ್ ದ ಡ್ರ್ಯಾಗನ್"ನಲ್ಲಿ ಕತ್ತು ಮುರಿಸಿಕೊಳ್ಳೋ ಗುಂಪಿನ ಹುಡುಗರಲ್ಲಿ ಒಬ್ಬ. ಅಷ್ಟೇ ಸಂಬಂಧ. ಇನ್ನು "ಒಬ್ಬನೇ ಮಗ" ಅನ್ನೋದು. ಮಗಳೂ ಇದ್ದಾಳೆ.

ಗೀತತ್ತೆ: ಮಗಳಾ? ಎಲ್ಲೂ ಕೇಳೇ ಇಲ್ಲ.

ಅನು: ಅದೇ ಅತ್ತೆ. 1999ರಲ್ಲಿ ಹುಟ್ಟಿದವಳು, ಮದುವೆಯ ಹೊರಗಿನ ಸಂಬಂಧದಲ್ಲಿ. ಆ ಸಂಬಂಧ ಇತ್ತು ಅಂತ ಅವನೇ ಪತ್ರಕರ್ತರ ಮುಂದೆ ಒಪ್ಪಿಕೊಂಡ. ಮಗುವನ್ನ ಸಾಕಿದ್ದು ತಾಯಿ ಒಬ್ಬಳೇ. ಆದರ್ಶ ತಂದೆ ಅಂತ ಹೊಗಳೋ ಮೆಸೇಜಿನಲ್ಲಿ ಆ ಹುಡುಗಿ ಲೆಕ್ಕಕ್ಕೇ ಇಲ್ಲ. ನನಗೆ ಚುಚ್ಚಿದ್ದು ಅದು.

ದೊಡ್ಡಪ್ಪ: ಅವನ ಸಂಸಾರದ ವಿಷಯ ಬಿಡು. ನಾ ಹೇಳಿದ್ದು ಗುರುವಿನ ವಿಷಯ. ಏಟು ಬಿದ್ದಿದ್ದಕ್ಕ ಕಲ್ತ. 30 ವರ್ಷ ಡ್ರಿಲ್ ಮಾಸ್ತರಿಕಿ ಮಾಡೀನಿ, ನನಗ ಗೊತ್ತೈತಿ.

ಅನು: ಆ "ಗುರುಕುಲ" ಹೇಗಿತ್ತು ಅಂತ ಹೇಳ್ತೀನಿ, ಆಮೇಲೆ ನೀವೇ ಹೇಳಿ. ಅಪ್ಪ ಅಮ್ಮ ಹಾಂಗ್‌ಕಾಂಗ್‌ನಲ್ಲಿ ಫ್ರೆಂಚ್ ಕಾನ್ಸಲ್ ಮನೆಯಲ್ಲಿ ಅಡಿಗೆ, ಮನೆಗೆಲಸ ಮಾಡ್ಕೊಂಡಿದ್ರು. ಅಂತರ್ಯುದ್ಧದಲ್ಲಿ ಚೀನಾ ಬಿಟ್ಟು ಬಂದವರು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಅಮೆರಿಕನ್ ರಾಯಭಾರ ಕಚೇರಿಯ ಅಡಿಗೆಮನೆ ಕೆಲಸ ಸಿಕ್ತು ಅಂತ ಅಪ್ಪ ಹೊರಟ, ಅಮ್ಮನೂ ಹಿಂದೆ ಹೋದಳು. ಮಗನನ್ನ ಯು ಜಿಮ್-ಯುಯೆನ್ ಅನ್ನೋ ಗುರುವಿನ ಪೀಕಿಂಗ್ ಒಪೆರಾ (ಹಾಡು, ಲಾಗ, ಕತ್ತಿವರಸೆ ಎಲ್ಲ ಸೇರಿದ ಚೀನೀ ರಂಗನಾಟಕ) ಶಾಲೆಗೆ ಕರಾರು ಬರೆದುಕೊಟ್ಟು ಬಿಟ್ರು. ಹತ್ತು ವರ್ಷದ ಕರಾರು. ಮಕ್ಕಳು ರಂಗದ ಮೇಲೆ, ಸಿನಿಮಾದಲ್ಲಿ ದುಡಿದ ದುಡ್ಡು ಗುರುವಿಗೆ. ಬೆಳಕು ಹರಿಯೋ ಮುಂಚೆ ಎದ್ದು ರಾತ್ರಿವರೆಗೆ ಲಾಗ, ತಲೆಕೆಳಗಾಗಿ ನಿಲ್ಲೋದು, ಹಾಡು, ಕತ್ತಿವರಸೆ. ತಪ್ಪಿದರೆ ಬೆತ್ತ. ಓದು ಬರಹ ಮಾತ್ರ ಹೆಸರಿಗಷ್ಟೇ. ದೊಡ್ಡ ಸ್ಟಾರ್ ಆದಮೇಲೂ ಓದೋಕೆ ಬರೆಯೋಕೆ ಒದ್ದಾಡ್ತಿದ್ದೆ, ನಾಚಿಕೆಯಾಗ್ತಿತ್ತು ಅಂತ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ನೀವು ಮೇಷ್ಟ್ರು. ಹತ್ತು ವರ್ಷ ಇಟ್ಟುಕೊಂಡು ಮಗುವಿಗೆ ಸರಿಯಾಗಿ ಅಕ್ಷರ ಕಲಿಸದವನನ್ನ ಗುರು ಅಂತೀರಾ?

ದೊಡ್ಡಪ್ಪ: ಅಕ್ಷರ ಕಲಿಸದಿದ್ದದ್ದು ತಪ್ಪು. ಒಪ್ತೀನಿ. ಆದ್ರ ಅದೇ ಶಾಲ್ಯಾಗ ಎಷ್ಟು ಮಂದಿ ತಯಾರಾದ್ರು ಅದನ್ನೂ ಹೇಳವ್ವ. ಒಬ್ಬ ಆಗಿದ್ರ ಅದೃಷ್ಟ ಅನ್ನಬಹುದಿತ್ತು.

ವಿನಯ್: ಪಾಯಿಂಟ್! ಸ್ಯಾಮೊ ಹಂಗ್, ಯುಯೆನ್ ಬಿಯಾವೊ, ಕೋರಿ ಯುಯೆನ್, ಎಲ್ಲ ಅದೇ ಶಾಲೆಯವರು. ಹಾಂಗ್‌ಕಾಂಗ್ ಆಕ್ಷನ್ ಸಿನಿಮಾ ಅರ್ಧ ಅಲ್ಲಿಂದಲೇ ಬಂದಿದ್ದು.

ಅನು: ನಿಜ, ಇದು ಗಟ್ಟಿ ಪ್ರಶ್ನೆ. ಆದರೆ ಅವರನ್ನೆಲ್ಲ ತಯಾರು ಮಾಡಿದ್ದು ಒಪೆರಾ ರಂಗಕ್ಕೆ. ಇವರು ದೊಡ್ಡವರಾಗೋ ಹೊತ್ತಿಗೆ ಒಪೆರಾ ನೋಡೋ ಜನವೇ ಇಲ್ಲ. ಬೇರೆ ವಿದ್ಯೆ ಇಲ್ಲ, ಓದಿಲ್ಲ, ಮೈ ಒಂದೇ ಬಂಡವಾಳ. ಅದಕ್ಕೆ ಡ್ಯೂಪ್ ಆದ್ರು. ಗೆದ್ದ ನಾಲ್ಕೈದು ಹೆಸರು ನಮಗೆ ಗೊತ್ತು, ಏಟು ತಿಂದೂ ಬೆಳಕಿಗೆ ಬಾರದವರ ಬಗ್ಗೆ ಫಾರ್ವರ್ಡ್ ಯಾರೂ ಬರೆಯಲ್ಲ. ಜಾಕಿಗೂ ಕೆಲಸ ನಿಂತು ಕ್ಯಾನ್‌ಬೆರಾಕ್ಕೆ ಹೋಗಿ ಕಟ್ಟಡ ಕೂಲಿ ಮಾಡಿದ. ಜಾಕಿ ಅನ್ನೋ ಹೆಸರೇ ಅಲ್ಲಿ ಜೊತೆ ಕೆಲಸಗಾರನಿಂದ ಬಂದಿದ್ದು.

ಶಶಿ ಚಿಕ್ಕಪ್ಪ: ಗಾರೆ ಕೆಲಸ ಮಾಡಿದ್ನಾ! ಇದು ಗೊತ್ತಿರಲಿಲ್ಲ.

ಅನು: ಹೂಂ ಚಿಕ್ಕಪ್ಪ. 1976ರಲ್ಲಿ ಲೋ ವೇ ಅನ್ನೋ ನಿರ್ದೇಶಕ ವಾಪಸ್ ಕರೆಸಿದ. ಬ್ರೂಸ್ ಲೀ ಸತ್ತು ಮೂರು ವರ್ಷ, ಎಲ್ಲರಿಗೂ ಇನ್ನೊಬ್ಬ ಬ್ರೂಸ್ ಲೀ ಬೇಕಿತ್ತು. ಹುಬ್ಬು ಗಂಟಿಕ್ಕು, ಸೇಡು ತೀರಿಸು ಅಂತ ಇವನ ಕೈಲಿ ಅದನ್ನೇ ಮಾಡಿಸಿದ್ರು. ಸಾಲಾಗಿ ತೋಪು. ಕೊನೆಗೆ ಲೋ ವೇ ಇವನನ್ನ ಬೇರೆ ಕಂಪನಿಗೆ ಎರವಲು ಕೊಟ್ಟ. ಅಲ್ಲಿ ಯುಯೆನ್ ವೂ-ಪಿಂಗ್ ನಿರ್ದೇಶನದಲ್ಲಿ 1978ರಲ್ಲಿ ಎರಡು ಸಿನಿಮಾ, "ಸ್ನೇಕ್ ಇನ್ ದಿ ಈಗಲ್ಸ್ ಶ್ಯಾಡೊ", "ಡ್ರಂಕನ್ ಮಾಸ್ಟರ್". ಅಲ್ಲಿ ಮೊದಲ ಸಲ ತನಗೆ ತೋಚಿದ್ದು ಮಾಡೋಕೆ ಬಿಟ್ರು. ಬ್ರೂಸ್ ಲೀ ಒದ್ದರೆ ಎದುರಾಳಿ ಮುಗಿದ. ಇವನು ಗುದ್ದಿದಮೇಲೆ ಕೈ ನೋವಾಯ್ತು ಅಂತ ಒದರುತ್ತಾನೆ, ಹೆದರುತ್ತಾನೆ, ಓಡ್ತಾನೆ, ಸಿಕ್ಕ ಬೆಂಚು ಹಿಡಿದು ಬಚಾವಾಗ್ತಾನೆ. ಅವನನ್ನ ಗೆಲ್ಲಿಸಿದ್ದು ಈ ಬುದ್ಧಿ ದೊಡ್ಡಪ್ಪ, ಇದು ಬೆತ್ತದಿಂದ ಬರಲ್ಲ. ಬೆತ್ತ ಹೇಳಿದ್ದು ಮಾಡು ಅನ್ನುತ್ತೆ.

ದೊಡ್ಡಪ್ಪ: ಅದೇ ಡ್ರಂಕನ್ ಮಾಸ್ಟರ್‌ನಾಗ ಗುರು ಅವನನ್ನ ಎಷ್ಟು ಗೋಳಾಡಿಸ್ತಾನ! ನಾನೂ ನೋಡೀನಿ. ಗೋಳಾಡಿಸಿದ್ದಕ್ಕ ಕಡೀಕ ಗೆಲ್ತಾನ.

ಅನು: ಆ ಗುರು ಕೊನೆಗೆ ಶಿಷ್ಯನಿಗೆ ನೀನು ನಿನ್ನ ದಾರಿ ಹುಡುಕು ಅನ್ನೋ ಹಾಗೆ ಬಿಡ್ತಾನಲ್ಲ. ಗುರು ಕಲಿಸೋ ಎಂಟು ಕುಡುಕ ವರಸೆಗಳಲ್ಲಿ ಎಂಟನೇದನ್ನ ಇವನು ಸರಿಯಾಗಿ ಕಲಿತೇ ಇಲ್ಲ, ಫೈಟ್ ನಡುವೆ ತಾನೇ ಕಟ್ಟಿಕೊಳ್ತಾನೆ.

ವಿನಯ್: ಏನೇ ಹೇಳು ಅನು, ಆ ಧೈರ್ಯ? "ಪೊಲೀಸ್ ಸ್ಟೋರಿ" (1985) ಮಾಲ್ ಸೀನ್! ದೀಪದ ಸರ ಸುತ್ತಿದ ಕಂಬ ಹಿಡಿದು ಮೇಲಿಂದ ಜಾರಿ ಗಾಜಿನ ಮೇಲೆ ಬೀಳೋದು. ಅಂಗೈ ಸುಟ್ಟಿತ್ತು, ಬೆನ್ನುಮೂಳೆಗೆ ಪೆಟ್ಟಾಗಿತ್ತು. ಚಿಕ್ಕಂದಿನಲ್ಲಿ ಗಟ್ಟಿಯಾಗದಿದ್ರೆ ಆಗ್ತಿತ್ತಾ?

ಅನು: ಮೈ ತಯಾರಾಗಿದ್ದು ಶಾಲೆಯಲ್ಲೇ, ಅಲ್ಲ ಅನ್ನಲ್ಲ. ನನಗೆ ಆ ಸೀನ್‌ನಲ್ಲಿ ಬೆರಗು ಬೇರೆ. ಕ್ಯಾಮೆರಾ ದೂರ ಇಟ್ಟು, ಕಟ್ ಮಾಡದೆ, ಇವನೇ ಬೀಳ್ತಿರೋದು ಅಂತ ಮುಖ ಕಾಣೋ ಹಾಗೆ ತೆಗೀತಾನೆ. ಬಿದ್ದದ್ದನ್ನ ಬೇರೆ ಬೇರೆ ಕೋನದಿಂದ ಮತ್ತೆ ತೋರಿಸ್ತಾನೆ. ನೋಡುವವರಿಗೆ ಮೋಸ ಮಾಡಬಾರದು ಅನ್ನೋ ಹಟ. "ಪ್ರಾಜೆಕ್ಟ್ ಎ"ಯಲ್ಲಿ (1983) ಗಡಿಯಾರ ಗೋಪುರದಿಂದ ಬೀಳೋದೂ ಹಾಗೇ. ಮೂಕಿ ಚಿತ್ರಗಳ ಬಸ್ಟರ್ ಕೀಟನ್, ಹೆರಾಲ್ಡ್ ಲಾಯ್ಡ್ ಮಾಡಿದ್ದನ್ನ ನೋಡಿ, ಅದಕ್ಕೆ ಒಪೆರಾ ಮೈ ಸೇರಿಸಿದ. ಹಾಲಿವುಡ್‌ನವರು 1980ರಲ್ಲೇ ಕರೆಸಿ ಹೀಗೆ ಫೈಟ್ ಮಾಡೋಕೆ ಬಿಡದೆ ಸೋತರು. ಹಾಲಿವುಡ್ ಸಿನಿಮಾದಲ್ಲಿ ಅವನು ಗೆಲ್ಲೋಕೆ "ರಶ್ ಅವರ್" (1998) ಬರಬೇಕಾಯ್ತು. ಇದನ್ನ ಬರೆದಿದ್ರೆ ನಾನೇ 5 ಗುಂಪಿಗೆ ಕಳಿಸ್ತಿದ್ದೆ.

ಗೀತತ್ತೆ: ಅನು, ಆ ಮಗನ ಕಥೆ ಹೇಳು. ಹೆಂಡತಿ ಯಾರು?

ಅನು: ಜೋನ್ ಲಿನ್, ತೈವಾನ್‌ನ ದೊಡ್ಡ ನಟಿ. 1982ರಲ್ಲಿ ಮದುವೆ, ಅದೇ ತಿಂಗಳು ಮಗ ಜೇಸಿ ಹುಟ್ಟಿದ. ಅಭಿಮಾನಿಗಳಿಗೆ ಗೊತ್ತಾಗಬಾರದು ಅಂತ ವರ್ಷಗಟ್ಟಲೆ ಹೆಂಡತಿ ಮಗನನ್ನ ಮುಚ್ಚಿಟ್ಟ. ಆಕೆ ಸಿನಿಮಾ ಬಿಟ್ಟಳು. ಒಂದು ದಿನ ಮಗನನ್ನ ಶಾಲೆಯಿಂದ ಕರ್ಕೊಂಡು ಬರ್ತೀನಿ ಅಂತ ಹೋಗಿ ಕಾದ, ಹುಡುಗ ಬರಲೇ ಇಲ್ಲ. ಅವನು ಆಗಲೇ ಪ್ರೈಮರಿ ಮುಗಿಸಿ ಮುಂದಿನ ಶಾಲೆಗೆ ಹೋಗಿದ್ದ, ಅಪ್ಪನಿಗೆ ಗೊತ್ತೇ ಇಲ್ಲ! ಇದನ್ನೂ ಆತ್ಮಕಥೆಯಲ್ಲಿ ಅವನೇ ಬರೆದಿದ್ದಾನೆ.

ಗೀತತ್ತೆ: ಅಯ್ಯೋ ಪಾಪ ಆ ತಾಯಿ.

ಅನು: ಇನ್ನೊಂದೂ ಬರೆದಿದ್ದಾನೆ. ಮಗ ಚಿಕ್ಕವನಿದ್ದಾಗ ಸಿಟ್ಟಿನಲ್ಲಿ ಒಂದೇ ಕೈಲಿ ಎತ್ತಿ ಎಸೆದನಂತೆ, ಹುಡುಗ ಹೋಗಿ ಸೋಫಾಕ್ಕೆ ಬಿದ್ದ. ದೊಡ್ಡಪ್ಪ, ನನ್ನ ಪ್ರಶ್ನೆ ಇಷ್ಟೇ. ಏಳು ವರ್ಷಕ್ಕೆ ಅಪ್ಪ ಬಿಟ್ಟುಹೋದ, ಗುರು ಹೊಡೆದ. ಅವನು ಅಪ್ಪ ಆದಾಗ ಮನೆಯಲ್ಲಿ ಇರಲಿಲ್ಲ, ಇದ್ದಾಗ ಕೈ ಎತ್ತಿದ. ಬೆತ್ತ ಕಲಿಸಿದ ಪಾಠದಲ್ಲಿ ಇದನ್ನೂ ಸೇರಿಸಬೇಡವಾ?

ವಿನಯ್: ದಾನ ಮಾಡಿದ್ದಾದ್ರೂ ಸುಳ್ಳಲ್ಲವಲ್ಲ? ಮಗ 2014ರಲ್ಲಿ ಬೀಜಿಂಗ್‌ನಲ್ಲಿ ಡ್ರಗ್ಸ್ ಕೇಸಲ್ಲಿ ಸಿಕ್ಕಿಬಿದ್ದಾಗ ಬಿಡಿಸೋಕೂ ಹೋಗಲಿಲ್ಲ.

ಅನು: ಸುಳ್ಳಲ್ಲ. ಅವನ ದತ್ತಿ ಸಂಸ್ಥೆ 1988ರಿಂದ ಇದೆ. ಮಗನಿಗೆ ಆರು ತಿಂಗಳು ಜೈಲಾಯ್ತು, ಇವನು ಜನರ ಕ್ಷಮೆ ಕೇಳಿದ. ಅದಕ್ಕೆ ನನ್ನ ಗೌರವ ಇದೆ. ಆದರೆ ಮಗನನ್ನ "ಆಸ್ತಿ ಮಾಡೋಕೆ" ದುಡ್ಡು ಕೊಡದಿದ್ರೆ ಸಾಕಾ? ಹೊತ್ತು ಕೊಡಬೇಕಿತ್ತು.

(ಸ್ವಲ್ಪ ಹೊತ್ತು ಯಾರದ್ದೂ ಮೆಸೇಜ್ ಇಲ್ಲ.)

ದೊಡ್ಡಪ್ಪ: ಅನು, ನಾ ಹುಡುಗ್ರನ್ನ ಹೊಡದೀನಿ. ಅವ್ರಾಗ ಎಷ್ಟೋ ಮಂದಿ ಈಗಲೂ ದಾರ್ಯಾಗ ಸಿಕ್ರ ಕಾಲು ಮುಟ್ಟಿ ನಮಸ್ಕಾರ ಮಾಡ್ತಾರ. ಜಾಕಿ ಚಾನ್ ಸೈತ ತನ್ನ ಗುರುವನ್ನ ಕಡೀತನಕ ಗೌರವದಿಂದ ಕಂಡ ಅಂತ ಓದೀನಿ. ಅದು ಸುಳ್ಳಾ?

ಅನು: ಸುಳ್ಳಲ್ಲ ದೊಡ್ಡಪ್ಪ. ಆದರೆ ಅವರು ನಿಮಗೆ ನಮಸ್ಕಾರ ಮಾಡೋದು ಬೆತ್ತಕ್ಕಲ್ಲ. ಭಾನುವಾರವೂ ಮೈದಾನಕ್ಕೆ ಬಂದು ನಿಂತಿರ್ತಿದ್ರಿ, ಜಿಲ್ಲಾ ಪಂದ್ಯಕ್ಕೆ ಸ್ವಂತ ದುಡ್ಡಲ್ಲಿ ಕರ್ಕೊಂಡು ಹೋಗ್ತಿದ್ರಿ ಅಂತ ಅವರು ನನ್ನ ಮುಂದೆ ಹೇಳೋದು. ಬೆತ್ತದ ಮಾತು ಅವರ ಬಾಯಲ್ಲಿ ನಾನು ಕೇಳಿಲ್ಲ.

ಗೀತತ್ತೆ: ಇದು ಖರೆ ಅಣ್ಣ. ನಾನೂ ಕೇಳೀನಿ.

ದೊಡ್ಡಪ್ಪ: ಶಿಸ್ತು ಬೇಕು ಅನ್ನೋ ಮಾತು ನಾ ಬಿಡಂಗಿಲ್ಲ. ಫಾರ್ವರ್ಡೂ ಅಳಸಂಗಿಲ್ಲ. ನಮ್ಮ ನಿವೃತ್ತ ಮಾಸ್ತರ್‌ಗಳ ಗುಂಪಿಗೂ ಹಾಕೀನಿ, ಅದರ ಕೆಳಗ ನೀ ಬರೆದದ್ದು ಹಾಕ್ತೀನಿ. ಅವ್ರೂ ಓದ್ಲಿ. ಬ್ರೂಸ್ ಲೀ ಶಿಷ್ಯ ಅನ್ನೋದನ್ನ ತಿದ್ದಿ, ಮಗಳದ್ದೂ ಸೇರಿಸಿ ಒಂದೇ ಮೆಸೇಜ್ ಮಾಡಿ ಕಳಸು. ಉದ್ದ ಆದ್ರ ಓದಂಗಿಲ್ಲ ಅವ್ರು.

ಅನು: ಕಳಿಸ್ತೀನಿ ದೊಡ್ಡಪ್ಪ. ಕ್ಯಾನ್‌ಬೆರಾ ಕೂಲಿ ಕೆಲಸ, ಓದು ಬರಹದ ಮಾತು ಬಿಡಲ್ಲ. ಅವೆರಡೂ ಮೇಷ್ಟ್ರುಗಳು ಓದಲೇಬೇಕು.

ಶಶಿ ಚಿಕ್ಕಪ್ಪ: ಹಂಪಿದೂ ಒಂದು ಸಾಲು ಹಾಕವ್ವ.